ದಕ್ಷಿಣಕ್ಕೆ ಮುಖ ಮಾಡಿದ ಕಿಟ್ಟಿ

ಮನುಷ್ಯರ ಕೈಗೆ ಸುಮ್ಮಸುಮ್ಮನೆ ಕೊಡಬಾರದ ವಸ್ತುಗಳಲ್ಲಿ ದಿಕ್ಸೂಚಿಯೂ ಒಂದು. ಈ ಸತ್ಯ ಬಸವೇಶ್ವರನಗರದ ನಮ್ಮ ರಸ್ತೆಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಪಕ್ಕದ ಮನೆಯ ಕಿಟ್ಟಿ ಆಗಲೇ ಅದನ್ನು ಕೆಂಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ.

ಕಿಟ್ಟಿ ಎಂದರೆ ಕೃಷ್ಣಸ್ವಾಮಿ. ವಯಸ್ಸು ಐವತ್ತು ದಾಟಿದೆ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸ್ವಂತ ವ್ಯವಹಾರ ಎಂಬ ಹುಚ್ಚು ಹತ್ತಿಸಿಕೊಂಡ. ಅಣಬೆ ಬೆಳೆಯಲು ಹೋದ. ಅಣಬೆ ಬಿಟ್ಟು ಬೇರೆಲ್ಲ ಬೆಳೆದು ಗೋಡೆ ಕಪ್ಪಾಯಿತು. ಊದುಬತ್ತಿ ಏಜೆನ್ಸಿ ಹಿಡಿದ. ಅದರ ಘಮಕ್ಕೆ ಹೆಂಡತಿ ಅಲಮೇಲುಗೆ ಉಬ್ಬಸ ಬಂತು. ಅಲಮೇಲು ಶಾಲೆಯೊಂದರಲ್ಲಿ ಟೀಚರ್. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ ಎಂಬುದು ರಸ್ತೆಗೆಲ್ಲ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ವಿಷಯ.

ಹೀಗಿರುವಾಗ ಕಿಟ್ಟಿ ಎಲ್ಲೋ ಸೋಲಾರ್ ತರಬೇತಿ ಮುಗಿಸಿ ದಿಕ್ಸೂಚಿಯ ಜೊತೆಗೆ ಒಂದು ಕಟ್ಟು ವಿಸಿಟಿಂಗ್ ಕಾರ್ಡನ್ನೂ ಮಾಡಿಸಿಕೊಂಡು ಬಂದ. 'ಅಲಮೇಲು ಗ್ರೀನ್ ಎನರ್ಜಿ. ಸಂಸ್ಥಾಪಕರು ಮತ್ತು ಮ್ಯಾನೇಜಿಂಗ್ ಡೈರೆಕ್ಟರ್: ಕೃಷ್ಣಸ್ವಾಮಿ.' ಊರಿನಲ್ಲಿ ಎಲ್ಲರಿಗೂ ಕರೆಂಟ್ ಇದೆ, ಇಲ್ಲದಿರುವುದು ಬೆಟ್ಟದ ಹಟ್ಟಿಗಳಲ್ಲಿ. ಆದ್ದರಿಂದ ತನ್ನ ಕಾರ್ಯಕ್ಷೇತ್ರ ಬೆಟ್ಟ ಎಂದು ಘೋಷಿಸಿದ. ಮೊದಲ ಕಾರ್ಡು ನನಗೆ ಸಿಕ್ಕಿತು. ನಾನು ರಿಟೈರಾದ ಮೇಷ್ಟ್ರು. ನನ್ನ ಹತ್ತಿರ ಹಳೆಯ ಮಾರುತಿ ವ್ಯಾನಿದೆ. ಕಾರ್ಡು ನನಗೇ ಮೊದಲು ಸಿಕ್ಕಿದ್ದಕ್ಕೆ ಈ ಎರಡನೆಯ ಸಂಗತಿಯೇ ಕಾರಣ.

"ಒಂದು ಮನೆ ಸಾಕು," ಎಂದಳು ಅಲಮೇಲು, ನನ್ನ ಮುಂದೆ ಕಾಫಿ ಲೋಟ ಇಡುತ್ತಾ. ಮಾತು ಗಂಡನಿಗೆ, ಸಾಕ್ಷಿ ನಾನು. "ನೂರು ಮನೆ ಬೇಡ. ಯುಗಾದಿ ಒಳಗೆ ಒಂದೇ ಒಂದು ಮನೇಲಿ ನಿಮ್ಮ ದೀಪ ರಾತ್ರಿಯೆಲ್ಲಾ ಉರಿದು ಬೆಳಗಾಗಲಿ. ಆಮೇಲೆ ಈ ಜನ್ಮದಲ್ಲಿ ನಿಮ್ಮ ವ್ಯವಹಾರಕ್ಕೆ ನಾನು ಬಾಯಿ ಹಾಕಲ್ಲ."

"ಉರೀದೇ ಇದ್ರೆ?"

"ಆತ್ರೇಯನ ಹತ್ರ ಹೋಗ್ತೀರಿ."

ಆತ್ರೇಯ ಅಲಮೇಲುವಿನ ತಮ್ಮ, ಅಡುಗೆ ಕಾಂಟ್ರಾಕ್ಟರ್. ಯುಗಾದಿ ಕಳೆದು ಮದುವೆಗಳು ಶುರುವಾದರೆ ಅವನಿಗೆ ಸ್ಟೋರ್ ಕಾಯಲು ಆಳು ಬೇಕು. ಛತ್ರದ ಹಿಂದಿನ ಕೋಣೆಯಲ್ಲಿ ತುಪ್ಪದ ಡಬ್ಬಕ್ಕೆ ಬೀಗ ಹಾಕಿ, ಊಟವಾದ ಮೇಲೆ ಸೌಟುಗಳೆಲ್ಲ ಬಂದವೇ ಎಂದು ನೋಡುವ ಕೆಲಸ. ಕೆಟ್ಟ ಕೆಲಸವೇನಲ್ಲ. ಆದರೆ ಅಂದು ಗೇಟಿನವರೆಗೆ ನನ್ನ ಜೊತೆ ಬಂದ ಕಿಟ್ಟಿಯ ಮುಖ ಬಾಡಿತ್ತು.

"ಮೇಷ್ಟ್ರೇ, ಯಾರಾದ್ರೂ 'ಏನ್ಮಾಡ್ತಿದೀರಾ' ಅಂತ ಕೇಳಿದ್ರೆ ಹೇಳ್ಕೊಳ್ಳೋಕೆ ನಂದು ಅಂತ ಒಂದು ಇರ್ಬೇಕು. ಭಾವಮೈದನ ತುಪ್ಪ ಕಾಯ್ತಿದೀನಿ ಅಂತ ಹೇಳ್ಲಾ?"

ನನಗೆ ಅವನ ಮೇಲೆ ಕನಿಕರ ಬಂತು. ಕನಿಕರ ಬಂದಾಗಲೆಲ್ಲ ನನ್ನ ವ್ಯಾನಿನ ಪೆಟ್ರೋಲು ಖರ್ಚಾಗುತ್ತದೆ.

ಬೆಟ್ಟವನ್ನು ಹುಡುಕಿಕೊಟ್ಟವರು ಎದುರು ಮನೆಯ ಉಗ್ರಪ್ಪ. ಹೆಗ್ಗನಹಳ್ಳಿಯ ಹಳೆಯ ಒಕ್ಕಲುಮನೆತನದವರು. ಜಮೀನೆಲ್ಲ ಸೈಟುಗಳಾದ ಮೇಲೆ ಇಲ್ಲಿಗೆ ಬಂದು ಮೂರಂತಸ್ತು ಕಟ್ಟಿದವರು. ಕನಕಪುರದಾಚೆ ಕಾಡಿನಂಚಿನ ಹಾಲುಕಲ್ಲು ಬೆಟ್ಟದಲ್ಲಿ ಅವರ ಮನೆದೇವರು. ಗುಡಿಗೆ ತಗಡು ಹೊದಿಸಿದವರು, ಗಂಟೆ ಕಟ್ಟಿಸಿದವರು ಅವರೇ. ಬೆಟ್ಟದ ಹಟ್ಟಿಯವರು ದೇವರ ಮಾತು ಮೀರಿದರೂ ಉಗ್ರಪ್ಪನವರ ಮಾತು ಮೀರುತ್ತಿರಲಿಲ್ಲ. ಅವರೇ ನಮ್ಮನ್ನು ಕರೆದುಕೊಂಡು ಹೋಗಿ, "ಇವ್ರು ನಮ್ಮ ಸಾಮಿ, ನಿಮ್ಗೆಲ್ಲಾ ಲೈಟ್ ಕೊಡ್ತಾರೆ" ಎಂದು ಕಿಟ್ಟಿಯನ್ನು ಒಪ್ಪಿಸಿದರು.

ಹಟ್ಟಿಯಲ್ಲಿ ಕರೆಂಟ್ ಕಂಬಗಳಿದ್ದವು. ತಂತಿ ಇರಲಿಲ್ಲ. ಕಂಬಕ್ಕೆ ಎಮ್ಮೆ ಕಟ್ಟಿದ್ದರು. ಗುಡಿಯ ಪೂಜಾರಿಯೂ ಹಟ್ಟಿಯ ಯಜಮಾನನೂ ಆದ ಮಡಿವಾಳಪ್ಪ ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಹಾಲು ಕೊಟ್ಟ. ಒಳಗಿನಿಂದ ಅವನ ತಾಯಿ ಪಟಾಲಮ್ಮ ಬಂದು ಕಿಟ್ಟಿಯ ಎದುರಿಗೇ ಕೂತರು. ಮುದುಕಿಗೆ ಹಲ್ಲಿರಲಿಲ್ಲ, ಮಾತಿಗೆ ಬರವಿರಲಿಲ್ಲ.

"ಸೀಮೆಎಣ್ಣೆ ಕೊಡ್ತಿದ್ರು, ಅದೂ ನಿಲ್ಸುದ್ರು ಕಣಪ್ಪ. ಒಲೆ ಬೆಳಕಲ್ಲಿ ಉಣ್ಣೋದು. ಮದ್ವೆ ಆಗಿ ಈ ಬೆಟ್ಟ ಹತ್ತಿದಾಗಿಂದ ರಾತ್ರಿ ಏನು ಉಂಡೆ ಅಂತ ನಾಲ್ಗೆಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ತಟ್ಟೆ ಕಾಣಂಗೆ ಒಂದು ಬಲ್ಪು ಹಾಕ್ಕೊಡು. ಇನ್ನೇನೂ ಬ್ಯಾಡ ನಂಗೆ."

ಕಿಟ್ಟಿ ಎದ್ದು ನಿಂತ. ಮ್ಯಾನೇಜಿಂಗ್ ಡೈರೆಕ್ಟರಿಗೆ ಸಿಕ್ಕ ಮೊದಲ ಗಿರಾಕಿ. "ಅಮ್ಮಾ, ಬೆಟ್ಟದಲ್ಲಿ ಮೊದಲ ದೀಪ ನಿಮ್ಮನೇಲೇ ಉರಿಯುತ್ತೆ, ಇದು ನನ್ನ ಮಾತು" ಎಂದು ಆಗಿಂದಾಗಲೇ ಅಲಮೇಲುಗೆ ಫೋನ್ ಹಚ್ಚಿ ಮುದುಕಿಯ ಕೈಗೆ ಕೊಟ್ಟ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಹೆಂಗಸರು ಹುರುಳಿಕಾಳಿನ ಬಸ್ಸಾರಿನಿಂದ ಹಿಡಿದು ಮಂಡಿನೋವಿನವರೆಗೆ ಮಾತಾಡಿದರು. ಅಂದಿನಿಂದ ಅಲಮೇಲುಗೆ ಗಂಡನ ವ್ಯವಹಾರದ ಮೇಲಲ್ಲದಿದ್ದರೂ ಪಟಾಲಮ್ಮನ ಮೇಲೆ ನಂಬಿಕೆ ಹುಟ್ಟಿತು. ಆಗಾಗ ಫೋನ್ ಮಾಡಿ ವಿಚಾರಿಸುವಳು. ಗಂಡನನ್ನು ಕೇಳುವುದು ಒಂದೇ ಪ್ರಶ್ನೆ: "ಅವರ ತಟ್ಟೆ ಕಾಣೋದು ಯಾವಾಗ?"

ಅಷ್ಟಕ್ಕೇ ಕಿಟ್ಟಿ ಸುಮ್ಮನಿದ್ದಿದ್ದರೆ ಮುದುಕಿಯ ತಟ್ಟೆ ಸಂಕ್ರಾಂತಿಗೇ ಕಾಣುತ್ತಿತ್ತು. ಆದರೆ ಬೆಟ್ಟಕ್ಕೆ ಹೋಗುವ ಮುಂಚೆ ರಸ್ತೆಯವರಿಗೆಲ್ಲ ಒಂದು ಪ್ರದರ್ಶನ ಕೊಡಬೇಕೆಂಬ ಆಸೆ ಅವನನ್ನು ಹಿಡಿಯಿತು. ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಆಹ್ವಾನ ಹೋಯಿತು. ಭಾನುವಾರ ಸಂಜೆ ಅವನ ಮನೆಯ ಟೆರೇಸ್ ಮೇಲೆ ಸೋಲಾರ್ ಪ್ಲೇಟು, ಬ್ಯಾಟರಿ, ಒಂದು ಬಲ್ಬು, ಬಾಡಿಗೆ ಕುರ್ಚಿಗಳು, ಅಲಮೇಲು ಮಾಡಿದ ಆಂಬೊಡೆ. ಉದ್ಘಾಟನೆಗೆ ಉಗ್ರಪ್ಪನವರ ಮಾವ. ತೊಂಬತ್ತು ದಾಟಿದ ಹಿರಿಯರನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಮೇಲಕ್ಕೆ ಹೊತ್ತು ತಂದರು. ಅವರು ಸ್ವಿಚ್ ಒತ್ತಿದರು, ಬಲ್ಬು ಹತ್ತಿತು. "ಚೆನ್ನಾಗೈತೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಮನೆಯ ವಿಮಲಮ್ಮ ಆಂಬೊಡೆ ಮುರಿಯುತ್ತಾ ಏನೋ ಕೇಳಬೇಕಲ್ಲ ಎಂದು ಕೇಳಿದರು. "ಅಲ್ಲ ಕಿಟ್ಟಿ, ಈ ಪ್ಲೇಟು ಯಾವ ಕಡೆಗೆ ಮುಖ ಮಾಡಿದೆ?"

ಕಿಟ್ಟಿ ಕಾಯುತ್ತಿದ್ದದ್ದೇ ಇದಕ್ಕೆ. ಕೊರಳಿನ ದಿಕ್ಸೂಚಿಯನ್ನು ಅಂಗೈ ಮೇಲಿಟ್ಟು, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು, "ದಕ್ಷಿಣ. ಕರಾರುವಾಕ್ಕಾಗಿ ದಕ್ಷಿಣ. ನಮ್ಮ ದೇಶದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ್ರೇನೇ ಪೂರ್ತಿ ಬಿಸಿಲು ಸಿಗೋದು" ಎಂದ.

ವಿಮಲಮ್ಮ ತಮ್ಮ ಕುರ್ಚಿಯನ್ನು ಪ್ಲೇಟಿನಿಂದ ಹಿಂದಕ್ಕೆ ಎಳೆದುಕೊಂಡರು. ನಮ್ಮ ರಸ್ತೆಯ ಪ್ರತಿಯೊಬ್ಬರೂ ದಕ್ಷಿಣದ ಬಾಗಿಲು ಬೇಡವೆಂದು ಸೈಟಿಗೆ ಹೆಚ್ಚು ಕೊಟ್ಟವರು. ದಕ್ಷಿಣಕ್ಕೆ ಮುಖ ಮಾಡಿ ಊಟಕ್ಕೆ ಕೂತ ಮಗುವನ್ನು ಎತ್ತಿ ತಿರುಗಿಸಿ ಕೂರಿಸುವವರು. ಆ ದಿಕ್ಕಿಗೆ ತಿರುಗುವುದು ಪಿತೃಗಳಿಗೆ ತರ್ಪಣ ಬಿಡುವಾಗ ಮಾತ್ರ. ಅದು ಯಮನ ದಿಕ್ಕು.

"ಯಾಕೆ, ಶ್ರೀರಂಗದಲ್ಲಿ ರಂಗನಾಥನೇ ದಕ್ಷಿಣಕ್ಕೆ ಮುಖ ಮಾಡಿ ಮಲಗಿಲ್ವೇ?" ಎಂದು ಕಿಟ್ಟಿ ತನ್ನ ಕುಲದೈವವನ್ನೇ ಸಾಕ್ಷಿಗೆ ಕರೆದ.

"ದೇವ್ರು ಮಲಗ್ಬೋದು ಸಾಮಿ," ಎಂದರು ಉಗ್ರಪ್ಪ. "ನಾವು ಮಲಗಿದ್ರೆ ಏಳಲ್ಲ."

ಅಲ್ಲಿಗಾದರೂ ಬಿಡಬೇಕಿತ್ತು. ಕಿಟ್ಟಿ ಬಿಡಲಿಲ್ಲ. ಟೆರೇಸಿನ ಅಂಚಿಗೆ ಹೋಗಿ ಸುತ್ತಲಿನ ಮನೆಗಳತ್ತ ಕೈ ಬೀಸಿದ. "ನಿಮ್ಮೆಲ್ಲರ ಮನೆ ಮೇಲೂ ನೀರು ಕಾಯಿಸೋ ಸೋಲಾರ್ ಇದೆಯಲ್ಲ? ಎಲ್ಲಾ ದಕ್ಷಿಣಕ್ಕೇ ತಿರುಗಿವೆ, ನೋಡ್ಕೊಳ್ಳಿ. ಇಷ್ಟು ವರ್ಷ ನೀವೆಲ್ಲಾ ಯಮನ ಕಡೆಯಿಂದ ಬಂದ ನೀರಲ್ಲೇ ಸ್ನಾನ ಮಾಡಿರೋದು."

ತಮಾಷೆಗೆಂದು ಹೇಳಿದ್ದು. ಯಾರೂ ನಗಲಿಲ್ಲ. ಆಂಬೊಡೆ ತಟ್ಟೆಯಲ್ಲೇ ಉಳಿಯಿತು. ಆ ವಾರವೇ ಉಗ್ರಪ್ಪನವರ ಮಾವ ನಿದ್ದೆಯಲ್ಲಿ ತೀರಿಕೊಂಡರು.

ತೊಂಬತ್ತು ದಾಟಿದವರು ತೀರಿಕೊಳ್ಳಲು ಕಾರಣ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ರಸ್ತೆಯ ಅಭಿಪ್ರಾಯ ಬೇರೆ ಇತ್ತು. 'ಸ್ವಿಚ್ ಒತ್ತಿದ್ದು ಅವರೇ' ಎಂದು ವಿಮಲಮ್ಮ ಗುಂಪಿನಲ್ಲಿ ಹಾಕಿದರು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದವು. ಮರುದಿನ ಪ್ಲಂಬರ್ ಮುರುಗೇಶನಿಗೆ ಎಲ್ಲಿಲ್ಲದ ಬೇಡಿಕೆ. ಒಂದೊಂದೇ ಟೆರೇಸ್ ಹತ್ತಿ ಎಲ್ಲರ ಸೋಲಾರ್ ಹೀಟರನ್ನೂ ಈಶಾನ್ಯಕ್ಕೆ ತಿರುಗಿಸಿಕೊಟ್ಟ. "ಇದು ಆ ಕಡೆ ಇಟ್ರೆ ನೀರು ಕಾಯಲ್ಲ ಸಾರ್" ಎಂದು ಅವನು ಹೇಳಿ ನೋಡಿದ. ಹೇಳುವಷ್ಟು ಹೇಳಿ ಕೂಲಿ ಇಸಿದುಕೊಂಡ. ಆ ಚಳಿಗಾಲವಿಡೀ ನಮ್ಮ ರಸ್ತೆ ತಣ್ಣೀರಿನಲ್ಲಿ ಸ್ನಾನ ಮಾಡಿತು. ಬೆಳಗಾದರೆ ಎಲ್ಲಾ ಬಚ್ಚಲುಮನೆಗಳಿಂದಲೂ ಹರಹರಾ ಎಂಬ ಕೂಗು ಕೇಳುತ್ತಿತ್ತು. ಭಕ್ತಿ ಹೆಚ್ಚಿದೆಯೆಂದು ಹೊಸಬರು ತಿಳಿಯಬಹುದಿತ್ತು.

ಉಗ್ರಪ್ಪ ಕೆಟ್ಟವರಲ್ಲ. ಮಾವನನ್ನು ಮಣ್ಣು ಮಾಡಿ ಬಂದವರಿಗೆ ನಿಜವಾಗಿಯೂ ಭಯ ಹುಟ್ಟಿತ್ತು. ತಾನೇ ಬೆಟ್ಟದ ಜನಕ್ಕೆ ಈ ಗಂಡಾಂತರ ಗಂಟುಹಾಕಿದೆನಲ್ಲ ಎಂದು ಮಡಿವಾಳಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟರು. ನಾವು ಪ್ಲೇಟುಗಳನ್ನು ವ್ಯಾನಿಗೆ ತುಂಬಿಕೊಂಡು ಹೋದಾಗ ಹಟ್ಟಿಯ ಗಂಡಸರೆಲ್ಲ ಪಟಾಲಮ್ಮನ ಮನೆಯ ಮುಂದೆ ಕೈಕಟ್ಟಿ ನಿಂತಿದ್ದರು.

"ಉಗ್ರಪ್ಪಣ್ಣ ಫೋನ್ ಮಾಡಿದ್ರು," ಎಂದ ಮಡಿವಾಳಪ್ಪ. "ದೀಪ ಬೇಕು ಸಾಮಿ. ತೆಂಕ್ಲು ಕಡೆ ಮುಖ ಬ್ಯಾಡ."

"ಹಾಗಾದ್ರೆ ಮೇಲಕ್ಕೆ ಮುಖ ಮಾಡಿ ಅಂಗಾತ ಮಲಗಿಸಿಬಿಡ್ಲಾ? ಸ್ವಲ್ಪ ಕಮ್ಮಿ ಬರುತ್ತೆ, ಆದ್ರೂ ನಡೆಯುತ್ತೆ."

"ಅಂಗಾತ ಮಲಗ್ಸೋದು ಹೆಣಾನ."

"ಪೂರ್ವಕ್ಕೆ?"

"ಮೂಡ್ಲುಕ್ಕೆ ಆದ್ರೆ ಅಡ್ಡಿಲ್ಲ. ಶುಭ."

ಪೂರ್ವಕ್ಕೆ ಹಟ್ಟಿಯ ನೆತ್ತಿಯ ಮೇಲೆ ಒಂದು ದೊಡ್ಡ ಬಂಡೆ. ಅದನ್ನು ಏರಿ ಸೂರ್ಯ ಈಚೆ ಇಣುಕುವಷ್ಟರಲ್ಲಿ ದನ ಮೇಯಲು ಹೋಗಿರುತ್ತವೆ. ಇಣುಕಿದ ಸ್ವಲ್ಪ ಹೊತ್ತಿಗೇ ಪ್ಲೇಟಿನ ಬೆನ್ನಿಗೆ ಹೋಗಿಬಿಡುತ್ತಾನೆ, ಬ್ಯಾಟರಿ ತುಂಬುವುದಿಲ್ಲ. ಇದು ಕಿಟ್ಟಿಗೆ ಗೊತ್ತಿತ್ತು. ಆದರೂ ಜನರನ್ನು ಎದುರುಹಾಕಿಕೊಳ್ಳುವ ಎದೆಗಾರಿಕೆ ಅವನಿಗಿಲ್ಲ. ಶುಭ ದಿಕ್ಕಿಗೇ ಕೂರಿಸಿ, ಬಲ್ಬು ಕಟ್ಟಿ, ಕೈಮುಗಿದು ಬಂದ. ನಾಲ್ಕಾರು ದಿನ ಕಳೆದು ಪಟಾಲಮ್ಮನಿಗೆ ಫೋನ್ ಮಾಡಿದ.

"ಬೋ ಚೆನ್ನಾಗಿ ಉರೀತದೆ ಕಣಪ್ಪ," ಎಂದರು ಮುದುಕಿ. "ದನ ಮನೆಗೆ ಬರೋ ತನಕ ಉರೀತದೆ. ಕತ್ಲಾಗೋ ವತ್ತಿಗೆ ಮುಗ್ದೋಯ್ತದೆ."

"ಊಟದ ಹೊತ್ತಿಗೆ?"

"ಊಟದ ವತ್ತಿಗೆ ಇರಕಿಲ್ಲ. ನೀನೇನೂ ಬೇಜಾರ್ ಮಾಡ್ಕಬ್ಯಾಡ. ಬೆಳಕಿರೋವಾಗ ಬೆಳಕು ಕೊಡ್ತದೆ ಪಾಪ, ಅದೂ ಎಷ್ಟಂತ ಮಾಡ್ತದೆ?"

ಅಲಮೇಲು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ತಮ್ಮನಿಗೆ ಫೋನ್ ಮಾಡಿ, ಸ್ಟೋರಿಗೆ ಬೇರೆ ಯಾರನ್ನೂ ಸದ್ಯಕ್ಕೆ ಗೊತ್ತುಮಾಡಬೇಡ ಎಂದಳು.

ಕಿಟ್ಟಿ ಸರ್ಕಾರದ ಮೊರೆ ಹೋದ. ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ ಬಸವಕುಮಾರ್ ಸಜ್ಜನ. ಹಟ್ಟಿಯವರನ್ನು ಕರೆಸಿ ನೀವೊಂದು ಮಾತು ಹೇಳಿ ಸಾರ್, ಕತ್ತಲೆಯಲ್ಲಿದ್ದಾರೆ ಎಂದು ಕಿಟ್ಟಿ ಬೇಡಿಕೊಂಡರೆ, ಅವರು ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ಅಲ್ಲಿ ಕತ್ತಲೆ ಇಲ್ವಲ್ಲ ಸಾರ್. ಆ ಹಟ್ಟಿ ಪೂರ್ತಿ ವಿದ್ಯುದೀಕರಣ ಆಗಿದೆ."

"ಕಂಬಕ್ಕೆ ಎಮ್ಮೆ ಕಟ್ಟಿದಾರೆ ಸಾರ್."

"ಕಂಬ ಇದೆ ಅಂತ ನೀವೇ ಒಪ್ಕೊಂಡ್ರಲ್ಲ." ಬಸವಕುಮಾರ್ ಕುರ್ಚಿಗೆ ಒರಗಿ ಯೋಚಿಸಿದರು. ಅವರಿಗೂ ಒಂದು ಸಂಕಟವಿತ್ತು. ಸ್ಮಶಾನ ಅಭಿವೃದ್ಧಿಗೆಂದು ಬಂದ ಅನುದಾನ ಹಾಗೇ ಕೂತಿತ್ತು, ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸು. "ಹಟ್ಟಿ ಸ್ಮಶಾನಕ್ಕೆ ಲೈಟ್ ಹಾಕಿಕೊಡಿ ಸಾರ್. ಮರ ಇಲ್ಲ, ಬಂಡೆ ಇಲ್ಲ, ಒಳ್ಳೆ ಬಿಸಿಲು. ಅಲ್ಲಿ ನೀವು ದಕ್ಷಿಣಕ್ಕೆ ಮುಖ ಮಾಡಿದ್ರೆ ಯಾರೂ ಬೇಡ ಅನ್ನಲ್ಲ. ಅಲ್ಲಿ ಅದೇ ಸರಿ."

ನಾನು ಕಿಟ್ಟಿಯ ಮುಖ ನೋಡಿದೆ. ಒಂದು ಕ್ಷಣ ಅವನಿಗೆ ಅಳು ಬಂದಂತಿತ್ತು. ಆಮೇಲೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಅದು ಅಲಮೇಲು ಗ್ರೀನ್ ಎನರ್ಜಿಗೆ ಬಂದ ಮೊದಲ ಸರ್ಕಾರಿ ಆರ್ಡರು.

ಮಡಿವಾಳಪ್ಪ ಕೂಡಲೇ ಒಪ್ಪಿದ. ಹಟ್ಟಿಯವರೇ ಗುಂಡಿ ತೋಡಿಕೊಟ್ಟರು, ಕಂಬ ಹೊತ್ತರು. ಶಿವರಾತ್ರಿ ಕಳೆಯುವಷ್ಟರಲ್ಲಿ ಪ್ಲೇಟುಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ನಿಂತವು. ದೀಪ ಅಂದರೆ ಅಂಥಾ ದೀಪ. ಮುಳ್ಳುಬೇಲಿಯ ಒಂದೊಂದು ಮುಳ್ಳೂ ಕಾಣಬೇಕು. ಹಟ್ಟಿ ಎಂದಿನಂತೆ ಕತ್ತಲಲ್ಲಿತ್ತು. ಮುಸ್ಸಂಜೆಯಲ್ಲಿ ಬೆಟ್ಟದ ಕೆಳಗೆ ನಿಂತು ನೋಡಿದರೆ ಮೇಲೆ ಸತ್ತವರೇ ಬಾಳಿ ಬದುಕುತ್ತಿದ್ದಾರೆ ಎನ್ನಿಸುತ್ತಿತ್ತು.

ಪಟಾಲಮ್ಮ ಕೋಲೂರಿಕೊಂಡು ಬಂದು ಬೇಲಿಯ ಈಚೆ ನಿಂತು ನೋಡಿದರು. ಈಚೆಗೆ ಕೆಮ್ಮು ಹಿಡಿದು ಸೊರಗಿದ್ದರು.

"ಸತ್ತೋರು ಏನು ಉಣ್ತಾರೆ ಅಂತ ನೋಡ್ಕಳಕ್ಕಾ ಇಷ್ಟು ಬೆಳಕು?" ಎಂದು ಕಿಟ್ಟಿಯನ್ನು ಕೇಳಿದರು. ಕೋಪದಿಂದಲ್ಲ. "ಇಲ್ಲಿಂದ ನಮ್ಮನೆಗೆ ಒಂದು ವೈರು ಎಳ್ದುಬುಡು ಮಗ."

"ಅವ್ವಾ, ಸುಮ್ಕಿರು," ಎಂದ ಮಡಿವಾಳಪ್ಪ. "ಸ್ಮಶಾನದಿಂದ ಮನೆಗೆ ಏನಾನ ತರಾದುಂಟಾ?"

ಮುದುಕಿ ಕೋಲು ತಿರುಗಿಸಿ ಮನೆಯ ಕಡೆ ಹೊರಟರು. ಕಿಟ್ಟಿ ಅವರ ಕೈ ಹಿಡಿದು ಹಟ್ಟಿಯವರೆಗೆ ನಡೆಸಿಕೊಂಡು ಹೋದ. ಯುಗಾದಿಯೊಳಗೆ ಹಾಕೇ ಹಾಕುತ್ತೇನೆ ಎಂದು ಮತ್ತೊಮ್ಮೆ ಮಾತು ಕೊಟ್ಟ. ಈ ಸಲ ಎದ್ದು ನಿಂತು ಕೊಡಲಿಲ್ಲ, ಮೆಲ್ಲಗೆ ಹೇಳಿದ.

ಬೆಂಗಳೂರಿಗೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. 'ಸ್ಮಶಾನಕ್ಕೆ ಲೈಟ್ ಹಾಕ್ತಾರಂತೆ' ಎಂದು ಗುಂಪಿನಲ್ಲಿ ಓಡಾಡಿತು. ವಿಮಲಮ್ಮ ಮೊಮ್ಮಗಳ ನಾಮಕರಣಕ್ಕೆ ಅಲಮೇಲುವನ್ನು ಕರೆದರು, "ನೀವೊಬ್ರೇ ಬಂದ್ರೂ ಬೇಜಾರಿಲ್ಲ" ಎಂದು ಸೇರಿಸಿದರು. ಆತ್ರೇಯನಂತೂ ಬಾಯಿಬಿಟ್ಟೇ ಹೇಳಿದ: "ಭಾವ, ಸ್ಟೋರ್ ಒಳಗೇ ಇರಿ, ಊಟದ ಹಾಲ್‌ಗೆ ಬರ್ಬೇಡಿ. ಪಾರ್ಟಿಯವ್ರು ಏನಂದ್ಕೋತಾರೋ." ಕೆಲಸ ಸಿಗುವ ಮುಂಚೆಯೇ ಕಿಟ್ಟಿಗೆ ಅದರಲ್ಲಿ ಹಿಂಬಡ್ತಿಯಾಯಿತು.

ಅಂದು ನಾನೂ ಕಿಟ್ಟಿಯ ಮನೆಯಲ್ಲಿದ್ದೆ. ಕಿಟ್ಟಿ ಕೊನೆಯದಾಗಿ ಒಂದು ವಾದ ಹೂಡಿ ನೋಡಿದ.

"ಅಲಮೇಲು, ರಾತ್ರಿಯೆಲ್ಲಾ ಉರೀತಿದೆ. ಒಂದು ಮನೆ ಅಂತ ತಾನೇ ನೀನು ಹೇಳಿದ್ದು? ಎಲ್ಲರ ಕೊನೇ ಮನೆ ಅದೇ ಅಲ್ವಾ?"

ಅಲಮೇಲು ಕೈಯಲ್ಲಿದ್ದ ಅಕ್ಕಿಯ ಪಾತ್ರೆ ಕೆಳಗಿಟ್ಟಳು. "ರೀ, ನನಗೆ ನೀವು ಸೋಲ್ಬೇಕು ಅಂತಿಲ್ಲ," ಎಂದಳು. "ಆ ಮುದುಕಮ್ಮ ತಟ್ಟೆ ನೋಡ್ಕೊಂಡು ಊಟ ಮಾಡ್ಲಿ. ಅದೊಂದು ಆಗ್ಲಿ ಸಾಕು." ಒಳಗೆ ಹೋಗಿ ಕುಕ್ಕರ್ ಇಟ್ಟಳು. ಕಿಟ್ಟಿ ನನ್ನ ಕಡೆ ತಿರುಗಲಿಲ್ಲ.

ಯುಗಾದಿಗೆ ಇನ್ನು ಕೆಲವೇ ದಿನ. ರಸ್ತೆಯಲ್ಲಿ ಬೇವಿನ ಸೊಪ್ಪು ಮಾರುವವರು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಮಡಿವಾಳಪ್ಪನ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ.

"ಸಾಮಿ, ಮನೆಗೆ ದೀಪ ಹಾಕ್ಕೊಡಿ. ರಾತ್ರಿಯೆಲ್ಲಾ ಉರೀಬೇಕು, ಆರ್ಬಾರ್ದು. ತೆಂಕ್ಲು ಕಡೆ ಮುಖ ಆದ್ರೂ ಅಡ್ಡಿಲ್ಲ. ಬೇಗ ಬನ್ನಿ."

ಕಿಟ್ಟಿ ಫೋನಿಟ್ಟು ನಮ್ಮ ಮನೆಗೆ ಚಪ್ಪಲಿಯಿಲ್ಲದೆ ಓಡಿ ಬಂದ. ಜಗತ್ತು ಕೊನೆಗೂ ವಿಜ್ಞಾನಕ್ಕೆ ತಲೆಬಾಗಿತು ಎಂಬುದು ಅವನ ವ್ಯಾಖ್ಯಾನ. ಉಗ್ರಪ್ಪ ತಿರುಪತಿಗೆ ಹೋಗಿದ್ದರು, ಇಲ್ಲದಿದ್ದರೆ ಅವರ ಮನೆಗೇ ಹೋಗಿ ದಿಕ್ಸೂಚಿ ತೋರಿಸಿ ಬರುತ್ತಿದ್ದ. ಗುಂಪಿನಲ್ಲಿ 'ದಕ್ಷಿಣಕ್ಕೆ ಜಯ' ಎಂದು ಹಾಕಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಅಲಮೇಲು ಶಾಲೆಯಿಂದ ಬಂದವಳೇ ವಿಷಯ ಕೇಳಿ ಕೈಕಾಲು ಕೂಡ ತೊಳೆಯದೆ ಗಸಗಸೆ ಪಾಯಸ ಮಾಡಿದಳು. ಹಲ್ಲಿಲ್ಲದವರು ಆರಾಮಾಗಿ ಕುಡಿಯಬಹುದೆಂದು. ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಬಿಸಿ ಮಾಡಿ, ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಡುತ್ತಾ, "ಇವರನ್ನ ನಂಬ್ಬೇಡಿ ಮೇಷ್ಟ್ರೇ, ನೀವೇ ಹಿಡ್ಕೊಳ್ಳಿ" ಎಂದಳು. 'ಇವರು' ಅಷ್ಟರಲ್ಲಿ ಮಾಗಡಿ ರಸ್ತೆಯ ಹೂವಿನಂಗಡಿಯಿಂದ ಪ್ಲೇಟಿಗೆ ಹಾಕಲೆಂದು ಚೆಂಡುಹೂವಿನ ಹಾರ ತಂದಿದ್ದ.

ಹೊರಟೆವು. ದಾರಿಯುದ್ದಕ್ಕೂ ಕಿಟ್ಟಿ ಮಾತಾಡಿದ. ಮುಂದಿನ ವರ್ಷ ಇನ್ನೊಂದು ಬೆಟ್ಟ, ಅದರ ಮುಂದಿನ ವರ್ಷ ಮತ್ತೊಂದು. ಹಾರ ಅವನ ತೊಡೆಯ ಮೇಲಿತ್ತು.

ಹಟ್ಟಿಯ ಬಾಯಲ್ಲಿ ವ್ಯಾನು ನಿಲ್ಲಿಸಿದೆ. ಕಿಟ್ಟಿ ಹಾರ ಹಿಡಿದುಕೊಂಡು ಇಳಿದು ಪಟಾಲಮ್ಮನ ಮನೆಯತ್ತ ದೊಡ್ಡ ಹೆಜ್ಜೆ ಹಾಕಿದ. ಜಗಲಿಯ ಮೇಲೆ ಹೆಂಗಸರು ಗೋಡೆಗೊರಗಿ ಕೂತಿದ್ದರು. ಮಡಿವಾಳಪ್ಪ ತಲೆಗೆ ಬಟ್ಟೆ ಸುತ್ತಿದ್ದ. ಅವನು ಎದ್ದು ಬಂದು ಕಿಟ್ಟಿಯ ಕೈಯಲ್ಲಿದ್ದ ಹಾರವನ್ನು ಎರಡೂ ಕೈಯಿಂದ ತೆಗೆದುಕೊಂಡ.

"ಅವ್ವನ್ನ ನಿನ್ನೇನೇ ಮಣ್ಣು ಮಾಡುದ್ವಿ ಸಾಮಿ. ಆದ್ರೂ ಹೂವ ತಂದ್ರಲ್ಲ, ದೊಡ್ಡ ಮನ್ಸು."

ಕಿಟ್ಟಿಯ ಬರಿಗೈಗಳು ಹಾರ ಹಿಡಿದ ಭಂಗಿಯಲ್ಲೇ ಉಳಿದವು. ನನ್ನ ಕೈಯಲ್ಲಿ ಪಾಯಸದ ಡಬ್ಬಿ ಇನ್ನೂ ಬೆಚ್ಚಗಿತ್ತು.

ಕೆಮ್ಮು ಎದೆಗಿಳಿದಿತ್ತಂತೆ. ಹೆಚ್ಚು ನರಳಲಿಲ್ಲವಂತೆ. ಸತ್ತವರು ಉಸಿರು ಬಿಟ್ಟ ಜಾಗದಲ್ಲಿ ದೀಪ ಇಡುವುದು, ತಿಥಿಯವರೆಗೂ ಅದು ಆರದಂತೆ ಕಾಯುವುದು ಅಲ್ಲಿಯ ಪದ್ಧತಿ. ಈ ಸಲ ಬೆಟ್ಟದ ಗಾಳಿಗೆ ಎಣ್ಣೆದೀಪ ನಿಲ್ಲುತ್ತಿರಲಿಲ್ಲ. ಮೊದಲ ದಿನವೇ ಆರಿಹೋಗಿ ಮನೆಯವರೆಲ್ಲ ಹೆದರಿದ್ದರು.

"ನಿಮ್ಮ ದೀಪ ಗಾಳಿಗೆ ಆರಕಿಲ್ಲ ಅಲ್ವಾ, ಅದ್ಕೇ ಕರೆದಿದ್ದು," ಎಂದ ಮಡಿವಾಳಪ್ಪ. "ಈಗ ಈ ಮನೇಲಿ ಸಾವಾಗೈತೆ. ತೆಂಕ್ಲುಗಿದ್ರೆ ದೋಸ ಇಲ್ಲ. ಸ್ಮಶಾನದ್ದು ಒಂದು ತಂದ್ರೂ ದೋಸ ಇಲ್ಲ."

ಮನೆಯ ಮೇಲಿದ್ದ ಪ್ಲೇಟು ಸಾಲದು, ಅಂದೇ ರಾತ್ರಿಯೆಲ್ಲಾ ಉರಿಯಬೇಕಾದರೆ ಸ್ಮಶಾನದ ತುಂಬಿದ ಬ್ಯಾಟರಿಯೇ ಗತಿ. ಅಲ್ಲಿಗೆ ನಾನೂ ಹೋದೆ. ಹೊಸ ಮಣ್ಣಿನ ಗುಡ್ಡೆ ಕಂಬದ ಬುಡದಲ್ಲೇ ಇತ್ತು. ಕಿಟ್ಟಿ ಸ್ಪ್ಯಾನರ್ ಹಿಡಿದು ಪ್ಲೇಟನ್ನೂ ಬ್ಯಾಟರಿಯನ್ನೂ ಬಿಚ್ಚಿದ. ನಟ್ಟು ಎರಡು ಸಲ ಕೈಜಾರಿ ಮಣ್ಣಿಗೆ ಬಿತ್ತು, ಎರಡು ಸಲವೂ ಬಗ್ಗಿ ಹುಡುಕಿದ. ಪ್ಲೇಟನ್ನು ಹೆಗಲ ಮೇಲೆ ಹೊತ್ತು ತಂದು, ಪಟಾಲಮ್ಮನ ಮನೆಯ ಹೆಂಚಿನ ಮೇಲೆ ಹತ್ತಿ, ದಿಕ್ಸೂಚಿಯ ಮುಳ್ಳು ನಿಲ್ಲುವವರೆಗೆ ಕಾದು, ದಕ್ಷಿಣಕ್ಕೆ ಕೂರಿಸಿದ. ಯಾರೂ ಬೇಡ ಎನ್ನಲಿಲ್ಲ. ಇಡೀ ಬೆಟ್ಟದಲ್ಲಿ ಅವನ ಮಾತು ನಡೆದದ್ದು ಅದೊಂದೇ ಸಲ.

ಕತ್ತಲಾಗುತ್ತಿದ್ದಂತೆ ಬಲ್ಬು ಹತ್ತಿತು. ನಡುಮನೆಯ ಮೂಲೆಯಲ್ಲಿ, ಮುದುಕಿ ಮಲಗುತ್ತಿದ್ದ ಜಾಗಕ್ಕೆ ನೇರವಾಗಿ ಬೆಳಕು ಬಿತ್ತು. ಸೊಸೆ ಅಲ್ಲಿ ಸಾರಿಸಿ ಎಡೆ ಇಟ್ಟಳು: ಮುದ್ದೆ, ಬಸ್ಸಾರು, ಪಕ್ಕದಲ್ಲಿ ಒಂದು ಲೋಟ ಗಸಗಸೆ ಪಾಯಸ. ಸಾರಿನಲ್ಲಿ ತೇಲುತ್ತಿದ್ದ ಹುರುಳಿಕಾಳು ಬಾಗಿಲಲ್ಲಿ ನಿಂತ ನಮಗೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಕಿಟ್ಟಿ ಜಗಲಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂತ. ಮನೆಗೆ ಫೋನ್ ಮಾಡು ಎಂದೆ. ನಾಳೆ ಮಾಡುತ್ತೇನೆ ಎಂದ.

ಬೆಳಗಾಯಿತು. ದೀಪ ಉರಿಯುತ್ತಲೇ ಇತ್ತು. ಫೋನ್ ಅವನು ಮಾಡಲಿಲ್ಲ, ಅಲಮೇಲುವೇ ಮಾಡಿದಳು. ಹಟ್ಟಿಯ ನಿಶ್ಶಬ್ದದಲ್ಲಿ ಅವಳ ಮಾತು ನನಗೂ ಕೇಳುತ್ತಿತ್ತು.

"ಏನಾಯ್ತು? ರಾತ್ರಿಯೆಲ್ಲಾ ಉರೀತಾ?"

"ಉರೀತು."

"ಬೆಳಗಿನ ತನಕ?"

"ಈಗ್ಲೂ ಉರೀತಿದೆ."

"ಪಟಾಲಮ್ಮನ ಮನೇಲೇ ತಾನೇ?"

"ಅವರ ಮನೇಲೇ."

ಆ ಕಡೆ ಅಲಮೇಲು ಮೂಗೆಳೆದುಕೊಂಡ ಸದ್ದು ಕೇಳಿತು. "ಗೆದ್ರಿ ನೀವು," ಎಂದಳು. "ಆತ್ರೇಯಂಗೆ ಬೇರೆ ಆಳು ನೋಡ್ಕೋ ಅಂತ ಈಗ್ಲೇ ಹೇಳ್ತೀನಿ. ಎಲ್ಲಿ, ಅವರ ಕೈಗೆ ಕೊಡಿ ಫೋನು. ರಾತ್ರಿ ತಟ್ಟೆ ಕಾಣ್ತಾ ಅಂತ ನಾನೇ ಕೇಳ್ಬೇಕು."

ಕಿಟ್ಟಿ ಫೋನನ್ನು ಕಿವಿಯಿಂದ ತೆಗೆದ. ಅದನ್ನು ಏನು ಮಾಡಬೇಕೆಂದು ತೋಚದೆ ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಅವನ ಚಾಚಿದ ಕೈಯಲ್ಲಿ ಅಲಮೇಲು ಜೋರಾಗಿ, ಹತ್ತಿರದವರನ್ನು ಕರೆಯುವ ಹಾಗೆ ಕರೆಯುತ್ತಿದ್ದಳು. "ಅಮ್ಮಾ, ಕೇಳಿಸ್ತಿದ್ಯಾ? ಅಮ್ಮಾ..."